ಮರಳು

ಆಷಾಢದ ಗಾಳಿ ಹಗರಿಯನ್ನು ಹೊತ್ತು ತರುತ್ತದೆ.
ನೀರನ್ನಲ್ಲ. ನೀರು ಯಾವಾಗಲೋ ಹೋಯಿತು.
ಹೊಳೆ ಬಿಟ್ಟುಹೋದ ಹಾಸಿಗೆಯನ್ನು ಕೊಡವುತ್ತದೆ
ನಮ್ಮ ಸಜ್ಜೆಹೊಲದ ಮೇಲೆ, ಹಿಟ್ಟಿನ ಡಬ್ಬಿಯೊಳಗೆ,
ಮಲಗಿದ ಕೂಸಿನ ಕಿವಿಯೊಳಗೆ,
ಆಮೇಲೆ ಹಳಿಗಳ ಮೇಲೆ.

ಕಣೇಕಲ್ಲಿಗೂ ದೂರ, ರಾಯದುರ್ಗಕ್ಕೂ ದೂರ.
ಊರಿಗೊಂದು ಹೆಸರಿದೆ, ರೈಲಿನವರು ಕರೆಯುವುದು ಮಾತ್ರ
ಮೂವತ್ತೊಂದು ಬಾರ್ ನಾಲ್ಕು.
ವೇಳಾಪಟ್ಟಿಯಲ್ಲಿ ನಾವಿಲ್ಲ.
ಗೂಡ್ಸಿಗೆ ವೇಳಾಪಟ್ಟಿಯೇ ಇಲ್ಲ.
ಅದಕ್ಕೇ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಉಗಿಯ ಕಾಲದಲ್ಲಿ ಅದು ನಿಲ್ಲುತ್ತಿತ್ತು,
ಬೇವಿನ ಮರದ ಹತ್ತಿರ, ಡ್ರೈವರು ಒಂದು ಬೀಡಿ ಸೇದುವಷ್ಟು ಹೊತ್ತು.
ಕೊಡ ಹಿಡಿದು ಹೆಂಗಸರು ಓಡುತ್ತಿದ್ದರು:
"ನೀರು ಬಿಡಣ್ಣೋ, ಎರಡು ಕೊಡ ಬಿಡು ನಮ್ಮಪ್ಪಾ!"
ಎಂಜಿನ್ನಿನ ಹೊಟ್ಟೆಯಿಂದ ಬಿಸಿನೀರು,
ಕಲ್ಲಿದ್ದಲ ವಾಸನೆ, ಮೇಲೊಂದು ಎಣ್ಣೆಯ ಕಾಮನಬಿಲ್ಲು.
ಅಮ್ಮ ಅದನ್ನು ರಾತ್ರಿಯೆಲ್ಲ ಆರಲಿಟ್ಟು
ಸೆರಗಿನಲ್ಲಿ ಸೋಸಿ ಕುಡಿಸುತ್ತಿದ್ದಳು.
ಹೊಳೆಯ ನೀರು, ಬಾವಿಯ ನೀರು ಕುಡಿದು ಬೆಳೆದವರಿದ್ದಾರೆ.
ನಾನು ಗೂಡ್ಸಿನ ನೀರು ಕುಡಿದವಳು.
ಇವತ್ತಿಗೂ ನನ್ನ ಬಾಯಿಗೆ ಒಳ್ಳೆಯ ನೀರು ಸಪ್ಪೆ.

ಕೊನೆಯ ಡಬ್ಬಿಯಲ್ಲಿ ಗಾರ್ಡ್ ದಾದಾಪೀರ್.
ಅವನ ತಗಡಿನ ಪೆಟ್ಟಿಗೆಯಲ್ಲಿ ಬಾವುಟಗಳ ಕೆಳಗೆ
ಸೀಮೆಎಣ್ಣೆ, ಸೂಜಿ, ಜ್ವರದ ಮಾತ್ರೆ,
ಬಳ್ಳಾರಿಗೆ ಕೊಟ್ಟ ಮಗಳ ಬಾಯಿಮಾತು ಕೂಡ:
"ಚೆನ್ನಾಗಿದೀನಂತೆ ಹೇಳು. ಇಲ್ಲಿ ನಲ್ಲಿ ಐತೆ."
ಅವನಿಗೆ ಒಂದು ಸಜ್ಜೆರೊಟ್ಟಿ, ಮೇಲೆ ಗುರೆಳ್ಳು ಪುಡಿ. ಲೆಕ್ಕ ಚುಕ್ತಾ.

ಅಪ್ಪ, ಕೀಮ್ಯಾನ್ ವನ್ನೂರಪ್ಪ,
ನಸುಕಿನಲ್ಲೇ ಸಲಿಕೆ ಹಿಡಿದು ಹೋಗುತ್ತಿದ್ದ,
ರಾತ್ರಿ ಕೂತ ಮರಳನ್ನು ಹಳಿಯಿಂದ ಎಬ್ಬಿಸಲು.
ಎಡಕ್ಕೆ ಎಸೆದದ್ದನ್ನು ಗಾಳಿ ಬಲಕ್ಕೆ ತರುತ್ತಿತ್ತು.
"ಇದು ಕೆಲಸ ಅಲ್ಲವ್ವ," ಅನ್ನುತ್ತಿದ್ದ,
"ಇಬ್ಬರು ಮುದುಕರ ಮಾತುಕತೆ."

ಆಮೇಲೆ ಹಳಿ ಅಗಲವಾಯಿತು, ಡೀಸೆಲ್ ಬಂತು.
ಡೀಸೆಲ್ಲಿಗೆ ಕೊಡಲು ನೀರಿಲ್ಲ, ಬೀಡಿಗೂ ಪುರುಸೊತ್ತಿಲ್ಲ.
ಐವತ್ತು ಡಬ್ಬಿ ಕೆಂಪು ಅದಿರು
ಬೇವಿನ ಹತ್ತಿರ ಹಾರನ್ ಕೂಗಿ ಹಾದುಹೋಗುವುದು.
ಕೊಡಗಳು ನಡುಗುತ್ತಿದ್ದವು, ತುಂಬುತ್ತಿರಲಿಲ್ಲ.

ಒಂದು ಸಂಜೆ ಊರ ಹಿರಿಯರು ನಮ್ಮ ಜಗಲಿಯಲ್ಲಿ ಕೂತರು.
ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ.
ಕೊನೆಗೆ ಬೊಮ್ಮಜ್ಜ ಅಂದ:
"ಒಂದು ದಿನ ಸಲಿಕೆ ಮನೆಯಾಗೇ ಇರಲಿ ಬಿಡಪ್ಪ.
ಅದೇ ನಿಲ್ತತೆ."
ಅಪ್ಪ ಎದ್ದು ಒಳಗೆ ಹೋದ.
ಆ ರಾತ್ರಿ ಎರಡು ಸಲ ಹಳಿ ನೋಡಿ ಬಂದ.

ಶ್ರಾವಣ. ಗಾಳಿ ಸತ್ತ ರಾತ್ರಿ.
ಹುಲಿಗೆಮ್ಮನ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು.
ಗಾಡಿಯ ಚಕ್ರ ಹೂತು, ಎತ್ತುಗಳು ಮಂಡಿಯೂರಿದ್ದವು.
ಅಪ್ಪ ಕೆಂಪು ದೀಪ ಹಿಡಿದು ನಿಂತ,
ತಾನೇ ಗುಡಿಸಿಟ್ಟ ಹಳಿಗಳ ನಡುವೆ.
ಬಳ್ಳಾರಿಗೆ ಮರಳುತ್ತಿದ್ದ ಖಾಲಿ ಗೂಡ್ಸು,
ಸದ್ದೇ ಹೆಚ್ಚು, ಹಲ್ಲು ಕಡಿಯುತ್ತ, ಕಿಡಿ ಕಾರುತ್ತ
ಅವನಿಂದ ನಾಲ್ಕು ಮಾರಿನಲ್ಲಿ ನಿಂತಿತು.
ಕೊನೆಯ ಡಬ್ಬಿಯಿಂದ ಇಳಿದವನು ದಾದಾಪೀರನೇ, ಗಡ್ಡ ಬೆಳ್ಳಗಾಗಿತ್ತು.
ಏನೂ ಕೇಳಲಿಲ್ಲ. ತನ್ನ ಹಾಸಿಗೆ ಬಿಚ್ಚಿ ಹಾಸಿದ.

ಗುಂತಕಲ್ಲಿನಿಂದ ಇಂಗ್ಲಿಷಿನಲ್ಲಿ ಕಾಗದ ಬಂತು,
ತೆಲುಗಿನಲ್ಲಿ ಓದಿ ಹೇಳಿದರು ಸ್ಟೇಷನ್ ಮಾಸ್ತರು:
ಗಾಡಿ ನಲವತ್ತು ನಿಮಿಷ ತಡ, ಕಾರಣ ಬರೆದುಕೊಡತಕ್ಕದ್ದು.
ಮೂರನೇ ಕ್ಲಾಸಿನ ಕನ್ನಡದಲ್ಲಿ ಅಪ್ಪ
ಒಂದೇ ಒಂದು ಪದ ಬರೆದ:
ಮರಳು.

ಆ ದಿನ ಗಾಳಿಯೇ ಇರಲಿಲ್ಲವಲ್ಲ, ಎಂದರಂತೆ ವಿಚಾರಣೆಯಲ್ಲಿ.
ಒಂದು ಇನ್‌ಕ್ರಿಮೆಂಟು ಕಡಿದರು.
ಹೊರಟವರ ಬೆನ್ನಿಗೆ ನಾವು ಹೇಳುವ
ಆ ಪದದ ಇನ್ನೊಂದು ಅರ್ಥ
ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಂಟನೆಯ ದಿನ ಬೇವಿನ ಹತ್ತಿರ
ಗೂಡ್ಸು ನಿಂತಿತು. ಯಾರೂ ಕೆಂಪು ತೋರಿಸಿರಲಿಲ್ಲ.
ಹುಲಿಗೆಮ್ಮ ಇಳಿದಳು.
ಕೂಸನ್ನು ಅಪ್ಪನ ಕೈಗಿಟ್ಟು ದಾದಾಪೀರ್ ಮೇಲೆ ಹತ್ತಿದ,
ಎಂಜಿನ್ನಿನ ಕಡೆಗೆ ಬರಿಗೈ ಬೀಸಿದ,
ಡ್ರೈವರಿಗೆ ಅಷ್ಟೇ ಸಾಕಾಯಿತು.

ಅವನ ಹಸಿರು ಬಾವುಟದಲ್ಲಿ
ಕೂಸು ಸುತ್ತಿಕೊಂಡು ಮಲಗಿತ್ತು.